ಕೀಲುವಾತದ ಕೈಗೆ ಹಳದಿ ಕಾರ್ಡ್ ಬಂದದ್ದು ಹೀಗೆ

ಹಳದಿ ಕಾರ್ಡ್, ಅಂದರೆ ಸರಕಾರ ಕೊಡುವ ಅಂಗವಿಕಲರ ಕಾರ್ಡ್, ಕೈಗೆ ಬಂದ ದಿನ ಅದನ್ನು ಮೊದಲು ತೋರಿಸಿದ್ದು ನಮ್ಮ ಭಾವನವರಿಗೆ. ನಾಲ್ಕು ವರ್ಷ ಅವರು ಒಂದೇ ಮಾತು ಹೇಳಿದ್ದರು. "ಕೈಕಾಲು ನೆಟ್ಟಗ ಇದ್ದವರಿಗೆ ಅಂಗವಿಕಲರ ಪಗಾರ ಯಾರು ಕೊಡ್ತಾರ ತಂಗಿ? ಸುಮ್ನ ಆಟೋ ರೊಕ್ಕ ಯಾಕ ಹಾಳು ಮಾಡ್ತಿ?" ಸರಕಾರದ ತಿಂಗಳ ಮಾಸಾಶನಕ್ಕೆ ನಮ್ಮ ಕಡೆ ಪಗಾರ ಅನ್ನುತ್ತಾರೆ. ಕಾರ್ಡಿನ ಮೇಲೆ ಅಂಗವೈಕಲ್ಯ 46 ಪರ್ಸೆಂಟ್ ಅಂತ ಇತ್ತು. ಅವರು ಎರಡು ಸಲ ಓದಿದರು. ತಿರುಗಿಸಿ ಹಿಂದೆಯೂ ನೋಡಿದರು. "ಛಲೋ ಆತು ಬಿಡು" ಅಂದರು. ನನಗೆ ಅಷ್ಟು ಸಾಕಾಗಿತ್ತು.

ನನ್ನದು ಆರ್‌ಎ, ರುಮಟಾಯ್ಡ್ ಕೀಲುವಾತ. 2014ರಲ್ಲಿ ಶುರುವಾಯಿತು. ಇದನ್ನು ಓದುವವರಲ್ಲಿ ಬಹಳ ಜನಕ್ಕೆ ಇದೇ ಬೇನೆ ಇರುತ್ತದೆ, ಇಲ್ಲವೇ ಇದರ ಅಕ್ಕತಂಗಿಯಂಥ ಬೇನೆ ಇರುತ್ತದೆ. ಹಾಗಾಗಿ ರಕ್ತದಲ್ಲಿ ನೋಡುವ ಆರ್‌ಎ ಫ್ಯಾಕ್ಟರ್ ಏನು, ವಾರಕ್ಕೊಂದೇ ದಿನ ಮೆಥೊಟ್ರೆಕ್ಸೇಟ್ ಗುಳಿಗೆ ಯಾಕೆ ಅಂತ ನಾನು ಹೇಳುವುದಿಲ್ಲ. ಈ ಕಾರ್ಡಿಗೆ ಕಂಪ್ಯೂಟರ್‌ನಲ್ಲಿ ಹಾಕುವ ಯುಡಿಐಡಿ ಅರ್ಜಿ ತುಂಬುವುದನ್ನೂ ಹೇಳುವುದಿಲ್ಲ. 2021ರ ಜೂನ್‌ನಿಂದ ಎಲ್ಲಾ ಪ್ರಮಾಣಪತ್ರ ಅದರ ಮೂಲಕವೇ ಆಗಬೇಕು, ಯಾವ ಕಂಪ್ಯೂಟರ್ ಸೆಂಟರ್‌ನಲ್ಲಾದರೂ ತುಂಬಿಕೊಡುತ್ತಾರೆ. ಅರ್ಜಿ ಹಾಕಿದ ಮೇಲೆ ಡಾಕ್ಟರ ಮುಂದೆ ನಿಂತಾಗ ನಮ್ಮಂಥವರು ಯಾಕೆ ಸೋಲುತ್ತೇವೆ, ಅದು ನನ್ನ ವಿಷಯ.

ನಾನು ಕಲಬುರಗಿಯಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದೆ. ಎರಡು ಖಾನಾವಳಿಗೆ ದಿನಾ ಹೋಗುತ್ತಿತ್ತು. ಸಾಮಾನ್ಯ ದಿನ 120, ಮದುವೆ ಸೀಸನ್ ಬಂದರೆ 200ರ ತನಕ. ಒಂದಕ್ಕೆ 5 ರೂಪಾಯಿ ಇದ್ದ ಕಾಲ. ಹಿಟ್ಟು, ಕಟ್ಟಿಗೆ, ಗ್ಯಾಸು ಎಲ್ಲಾ ತೆಗೆದರೆ ದಿನಕ್ಕೆ 250 ಉಳಿಯುತ್ತಿತ್ತು ಅಂತ ನೆನಪು. ಬಡಿಯುವ ಸದ್ದು ಕೇಳಿದರೇ ನನ್ನ ರೊಟ್ಟಿ ಯಾವುದು ಅಂತ ಓಣಿಯವರು ಹೇಳುತ್ತಿದ್ದರು. 2018ಕ್ಕೆ ನಿಂತಿತು. ಬೆರಳು ಕಿರುಬೆರಳಿನ ಕಡೆಗೆ ವಾಲಿದವು. ಅಂಗೈ ಚಪ್ಪಟೆ ಆಗದೆ ರೊಟ್ಟಿ ಬಡಿಯುವುದು ಹೇಗೆ?

ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅಂತ ಮೊದಲ ಸಲ ಹೋದದ್ದು 2019ರಲ್ಲಿ. ಆಸ್ಪತ್ರೆ ಯಾವುದು ಅನ್ನುವುದು ಇಲ್ಲಿ ಬೇಡ. ಬೆಳಗ್ಗೆ 8ಕ್ಕೆ ಸಾಲಿನಲ್ಲಿ ನಿಂತೆ. ಆಗ ನನ್ನ ಕೈ ಕಟ್ಟಿಗೆಯಂತೆ ಇತ್ತು, ಚಹಾದ ಕಪ್ಪು ಎರಡೂ ಕೈಯಲ್ಲಿ ಹಿಡಿದಿದ್ದೆ. ಒಳಗೆ ಕರೆದಾಗ 11:30. ನಮ್ಮ ಬೇನೆ ಗೊತ್ತಲ್ವಾ, ಬಿಸಿಲೇರಿದ ಹಾಗೆ ಕೀಲು ಬಿಡುತ್ತವೆ. "ಮುಷ್ಟಿ ಹಿಡೀರಿ" ಅಂದರು. ಮುಕ್ಕಾಲು ಭಾಗ ಮುಚ್ಚಿತು. ನಾನು ನೋವಿನ ಕಥೆ ಹೇಳಿದೆ. ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಬಾಗಿಲ ಚಿಲಕ ತೆಗೆಯಲು ಆಗುವುದಿಲ್ಲ, ಮಗಳು ಜಡೆ ಹಾಕುತ್ತಾಳೆ. ಹೇಳುತ್ತಾ ಅತ್ತುಬಿಟ್ಟೆ ಕೂಡ. "ಚಿಕಿತ್ಸೆ ನಡದದ, ಈಗೇನೂ ಬರೆಯಲಿಕ್ಕೆ ಬರಂಗಿಲ್ಲ" ಅಂತ ಕಳಿಸಿದರು. ಬಾಯಿಮಾತಿನಲ್ಲಿ ಅಷ್ಟೇ. ಒಂದು ಚೀಟಿಯೂ ಇಲ್ಲ.

ಆ ದಿನದ ಖರ್ಚು: ಎಕ್ಸ್‌ರೇ 600, ಆಟೋ ಹೋಗಿ ಬಂದು 160, ಗಂಡನ ಒಂದು ದಿನದ ಹಮಾಲಿ ಕೂಲಿ 500. ಆಗ ನನಗೆ ಗೊತ್ತಿರಲಿಲ್ಲ, ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು ಅಂತ ನಿಯಮವೇ ಇದೆ. ಅಂಗವಿಕಲರ ಹಕ್ಕುಗಳ 2017ರ ನಿಯಮಗಳಲ್ಲಿ ಅದಕ್ಕೆ 8ನೇ ನಮೂನೆ ಅಂತ ಇದೆ. ಕಾಗದ ಇದ್ದರೆ ಮುಂದಿನ ಸಲ ಆ ಕಾರಣಕ್ಕೆ ಉತ್ತರ ಹೊಂದಿಸಿಕೊಂಡು ಹೋಗಬಹುದು. ನಾನು ಕಾಗದ ಇಲ್ಲದೆ ಮೂರು ವರ್ಷ ಕತ್ತಲಲ್ಲಿ ಇದ್ದೆ.

ನಡುವೆ ಕೊರೊನಾ ಬಂತು. ಆಮೇಲೆ ಒಬ್ಬ ಏಜೆಂಟ್ ಸಿಕ್ಕ. 8,000 ಕೊಟ್ಟರೆ 60 ಪರ್ಸೆಂಟ್ ಮಾಡಿಸಿಕೊಡುತ್ತೇನೆ ಅಂದ. ನನ್ನ ತಂಗಿ ಕೊಟ್ಟುಬಿಡು ಅಂದಳು. ನಾನು ಕೊಡಲಿಲ್ಲ. ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ಪಡೆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 91ನೇ ಕಲಂ ಪ್ರಕಾರ 2 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಸಿಕ್ಕಿಬಿದ್ದರೆ ಏಜೆಂಟ್ ಇರುವುದಿಲ್ಲ, ಕಾರ್ಡಿನ ಮೇಲೆ ಫೋಟೋ ನಮ್ಮದು ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಬೇನೆ ಸುಳ್ಳಲ್ಲ. ಸುಳ್ಳಿನ ದಾರಿಯಲ್ಲಿ ನಾನು ಯಾಕೆ ಹೋಗಬೇಕು?

2022ರ ಜುಲೈನಲ್ಲಿ ಎರಡನೇ ಸಲ. ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂದಿಗೂ ಸಾಲಿನಲ್ಲಿ ನಿಂತವರು ಒಬ್ಬರಿಗೊಬ್ಬರು ಇದನ್ನೇ ಹೇಳಿಕೊಡುತ್ತಾರೆ. "ಮೂರು ವಾರ ಗುಳಿಗಿ ಬಿಡ್ರಿ ಅಕ್ಕ, ಕೈ ಬಾತುಕೊಂಡಿದ್ದು ಡಾಕ್ಟರಿಗೆ ಕಾಣ್ಲಿ." ನಾನು ಬಿಟ್ಟೆ. ಎರಡನೇ ವಾರಕ್ಕೆ ಮೊಣಕಾಲು ಎರಡೂ ಕಟ್ಟಿದವು. ನನಗೆ ಅದಕ್ಕೆ ಮುಂಚೆ ಮೊಣಕಾಲಿನ ತ್ರಾಸು ಇರಲೇ ಇಲ್ಲ. ಮೂರನೇ ವಾರ ಜ್ವರ ಬಂತು. ಕೈ ಬಾತುಕೊಂಡಿತ್ತು, ನಿಜ. ಡಾಕ್ಟರು ಒಂದೇ ಸಲ ಒತ್ತಿ ನೋಡಿ, "ಇದು ಬಾವು, ಔಷಧ ತಗೊಂಡ್ರ ಇಳೀತದ" ಅಂದರು. ಇಳಿಯುವ ಬಾವಿಗೆ ಪರ್ಸೆಂಟ್ ಇಲ್ಲ. ಬಲಗೈ ಅಷ್ಟೇ ನೋಡಿ 31 ಬರೆದರು. ಬಿಳಿ ಕಾರ್ಡ್ ಬಂತು.

40ಕ್ಕಿಂತ ಕೆಳಗಿದ್ದರೆ ಬಿಳಿ, 40ರಿಂದ 79ರ ತನಕ ಹಳದಿ, 80 ಮುಟ್ಟಿದರೆ ನೀಲಿ. ಪಗಾರಕ್ಕೆ 40 ಬೇಕೇಬೇಕು. ಬಿಳಿ ಕಾರ್ಡು ಅಲಮಾರಿಗೆ ಹೋಯಿತು. ಬಿಟ್ಟ ಗುಳಿಗೆಯ ಬಾಕಿ ತೀರಿಸಲು ಹೈದರಾಬಾದ್‌ಗೆ ಹೋಗಿ ಬಂದೆ. ಇಂಜೆಕ್ಷನ್, ರಕ್ತ ಪರೀಕ್ಷೆ, ಓಡಾಟ ಸೇರಿ 9,000ದ ಹತ್ತಿರ. ಅದರಲ್ಲಿ 5,000 ಸಂಘದ ಸಾಲ. ಮೊಣಕಾಲು ಪೂರ್ತಿ ಸರಿಯಾಗಲು ಐದಾರು ತಿಂಗಳು ಹಿಡಿಯಿತು. ದಯವಿಟ್ಟು ಯಾರೂ ಗುಳಿಗೆ ಬಿಡಬೇಡಿ. ಪರ್ಸೆಂಟ್ ಬರೆಯುವ ಡಾಕ್ಟರ ಬೋರ್ಡಿಗೋಸ್ಕರ ಅಂತೂ ಬಿಡಲೇಬೇಡಿ.

ದಾರಿ ತೋರಿಸಿದವರು ಇಬ್ಬರು. ಒಬ್ಬರು ನಮ್ಮ ವಾರ್ಡಿನ ಪುನರ್ವಸತಿ ಕಾರ್ಯಕರ್ತೆ. ಅವರಿಗೆ ಪೋಲಿಯೊ, ಕಾಲಿಗೆ ಕ್ಯಾಲಿಪರ್ ಅನ್ನುವ ಆಸರೆ ಹಾಕಿಕೊಂಡು ಮನೆಮನೆಗೆ ಬರುತ್ತಾರೆ. ಅವರು ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ಅವರು ಯಾವ ಲೆಕ್ಕದ ಮ್ಯಾಲ ಅಂಕ ಹಾಕ್ತಾರ ಅಂತ ಓದೀರೇನು?" ನಾನು ಓದಿರಲಿಲ್ಲ. ಇನ್ನೊಬ್ಬ ನನ್ನ ಅಕ್ಕನ ಮಗ, ನರ್ಸಿಂಗ್ ಓದುತ್ತಿದ್ದ. ಅಂಗವೈಕಲ್ಯ ಅಳೆಯುವ ಬಗ್ಗೆ 2018ರ ಜನವರಿಯ ಕೇಂದ್ರದ ಅಧಿಸೂಚನೆ ಹುಡುಕಿ, ಕೈಗೆ ಸಂಬಂಧಿಸಿದ ಹಾಳೆಗಳನ್ನು ಸೂಪರ್ ಮಾರ್ಕೆಟ್ ಹತ್ತಿರ ಪ್ರಿಂಟ್ ಹಾಕಿಸಿಕೊಂಡು ಬಂದ. ಎರಡು ರಾತ್ರಿ ಕೂತು ನನಗೆ ಕನ್ನಡದಲ್ಲಿ ಹೇಳಿದ.

ಅದನ್ನು ಕೇಳಿದಾಗ ನನಗೆ ಅಳು ಬಂತು. ಅದರಲ್ಲಿ ಹತ್ತು ಕೆಲಸಗಳ ಪಟ್ಟಿ ಇದೆ. ತಲೆಯ ಮೇಲಿಂದ ಒಂದು ವಸ್ತು ತೆಗೆದು ಮತ್ತೆ ಇಡುವುದು. ಮೂಗು ಮುಟ್ಟುವುದು. ನಮ್ಮ ಪದ್ಧತಿಯಲ್ಲಿ ಕೈಯಿಂದ ಊಟ ಮಾಡುವುದು. ತಲೆ ಬಾಚಿ ಜಡೆ ಹಾಕುವುದು. ಅಂಗಿ ತೊಡುವುದು. ಶೌಚದ ನಂತರ ನೀರು ಬಳಸುವುದು. ಲೋಟದಿಂದ ನೀರು ಕುಡಿಯುವುದು. ಗುಂಡಿ ಹಾಕುವುದು. ಲಾಡಿ ಕಟ್ಟುವುದು. ಬರೆಯುವುದು. ಒಂದೊಂದಕ್ಕೆ 9, ಒಟ್ಟು 90. ಅದು ಬಿಟ್ಟು ಅಂಗೈ ಬೆರಳಿಗೆ ಬೇರೆ ಲೆಕ್ಕ: ಹಿಡಿತಕ್ಕೆ 30, ಸ್ಪರ್ಶಕ್ಕೆ 30, ಬಲಕ್ಕೆ 30. ನೋವು ಈ ಮುಖ್ಯ ಲೆಕ್ಕದಲ್ಲಿ ಎಲ್ಲೂ ಇಲ್ಲ. ಕೊನೆಗೆ ಸೇರಿಸುವ ಹೆಚ್ಚುವರಿ ಅಂಕ ಇವೆ, ಎಲ್ಲಾ ಸೇರಿ 10 ದಾಟುವಂತಿಲ್ಲ. ಹೆಚ್ಚು ಬಳಸುವ ಕೈಗೆ 4 ಸಿಗುವುದೂ ಅದರೊಳಗೇ.

ನಾನು ಎರಡು ಸಲ ಹೋಗಿ ಹೇಳಿದ್ದು ಬರೀ ನೋವು. ಅವರು ಕೇಳುತ್ತಿದ್ದದ್ದು ಜಡೆ, ಲಾಡಿ, ಗುಂಡಿ. ಇಬ್ಬರೂ ಒಬ್ಬರ ಮುಂದೆ ಒಬ್ಬರು ಕೂತು ಬೇರೆ ಬೇರೆ ಮಾತಾಡಿದ್ದೆವು.

ಇನ್ನೊಂದು ತಪ್ಪು ಆಗಲೇ ಗೊತ್ತಾಯಿತು. ರೊಟ್ಟಿ ಬಡಿಯುವುದು ಬಲಗೈ, ಹಾಗಾಗಿ ನಾನು ಯಾವಾಗಲೂ ಬಲಗೈ ಬಗ್ಗೆಯೇ ಹೇಳುತ್ತಿದ್ದೆ. ಎಡಗೈ ಯಾರೂ ನೋಡಿರಲಿಲ್ಲ, ನಾನೂ ಮುಂದೆ ಚಾಚಿರಲಿಲ್ಲ. ನಮ್ಮ ಬೇನೆ ಎರಡೂ ಕಡೆ ಹಿಡಿಯುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಎರಡು ಕೈ ಕೂಡಿಸುವ ಲೆಕ್ಕ ನಾವು ಅಂದುಕೊಂಡಷ್ಟು ನೇರ ಇಲ್ಲ. ದೊಡ್ಡದನ್ನು ಹಾಗೇ ಇಟ್ಟುಕೊಳ್ಳಬೇಕು. 90ರಲ್ಲಿ ಅದನ್ನು ಕಳೆಯಬೇಕು. ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ 90ರಿಂದ ಭಾಗಿಸಿ ದೊಡ್ಡದಕ್ಕೆ ಕೂಡಿಸಬೇಕು. ಬಲಗೈ 34, ಎಡಗೈ 20 ಅಂತ ಇಟ್ಟುಕೊಳ್ಳಿ. ನೇರ ಕೂಡಿಸಿದರೆ 54. ಈ ಲೆಕ್ಕದಲ್ಲಿ 46 ಮತ್ತು ಚೂರು. ನನ್ನ ಓದು ಏಳನೇ ಇಯತ್ತೆ. ಈ ಲೆಕ್ಕವನ್ನು ಈಗ ನಾನು ಬಾಯಲ್ಲೇ ಮಾಡುತ್ತೇನೆ, ಓಣಿಯಲ್ಲಿ ಡಿಗ್ರಿ ಓದಿದವರೂ ನನ್ನ ಹತ್ತಿರ ಬಂದು ಮಾಡಿಸಿಕೊಂಡು ಹೋಗುತ್ತಾರೆ.

ಆಮೇಲೆ ನಾನು ಮಾಡಿದ್ದೇ ಎಲ್ಲರೂ ಬೇಡ ಅಂದ ಕೆಲಸ. ನನ್ನ ಕೆಟ್ಟ ಹೊತ್ತನ್ನು ತೋರಿಸುವುದು ಬಿಟ್ಟೆ. ಛಲೋ ಹೊತ್ತನ್ನು ಬರೆದಿಡಲು ಶುರು ಮಾಡಿದೆ.

ವಿಚಾರ ಹೀಗೆ. ಬೆಳಗ್ಗೆ 7ಕ್ಕೆ ಆಗದ್ದು ಮಧ್ಯಾಹ್ನ 12ಕ್ಕೆ ಆಗುತ್ತದೆ ಅಂದರೆ ಅದು ಬಿಗಿತ, ಬಂದು ಹೋಗುತ್ತದೆ. ಮಧ್ಯಾಹ್ನ 12ಕ್ಕೂ, ಗುಳಿಗೆ ಸರಿಯಾಗಿ ತಗೊಂಡ ದಿನವೂ, ಬೇಸಿಗೆಯಲ್ಲೂ ಆಗದ್ದು ಇದೆಯಲ್ಲ, ಅದೇ ಕಾಯಂ ಉಳಿದ ಹಾನಿ. ಬೋರ್ಡಿನವರಿಗೆ ಬೇಕಾದದ್ದು ಅದು. ಅವರು ಹೇಗೂ ನಮ್ಮನ್ನು ನೋಡುವುದು ಮಧ್ಯಾಹ್ನವೇ. ಹಾಗಾದರೆ ಮಧ್ಯಾಹ್ನದ ಪಟ್ಟಿಯೇ ನಮ್ಮ ಸಾಕ್ಷಿ. ಭಾವನವರು ತಲೆ ಚಚ್ಚಿಕೊಂಡರು. "ನಿನ್ನ ಛಲೋ ಹೊತ್ತು ನೀನೇ ಬರದು ಕೊಟ್ರ, ಇದ್ದ 31ನೂ ಕಿತ್ಕೋತಾರ ನೋಡು" ಅಂದರು.

ಡೈರಿಗೆ ದಿನ ಗೊತ್ತು ಮಾಡುವುದರಲ್ಲಿ ಮೊದಲು ಎಡವಿದೆ. ವಾರಕ್ಕೊಮ್ಮೆ ಅಂತ ಶುರು ಮಾಡಿ ಮೂರನೇ ವಾರಕ್ಕೆ ಮರೆತೆ. ತಿಂಗಳ 1ನೇ ತಾರೀಕು ಅಂದುಕೊಂಡೆ, ಅದೂ ತಪ್ಪಿತು. ಆಮೇಲೆ ಅಮಾವಾಸ್ಯೆ, ಹುಣ್ಣಿಮೆ ಅಂತ ಇಟ್ಟುಕೊಂಡೆ. ಆ ದಿನಗಳನ್ನು ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ. 2022ರ ಅಕ್ಟೋಬರ್‌ನಿಂದ 2023ರ ನವೆಂಬರ್ ತನಕ 26 ಪುಟವೋ 27 ಪುಟವೋ ಆದವು. ಹತ್ತು ಕೆಲಸ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಮೂರೇ ಗುರುತು: ಆಯಿತು, ತಡವರಿಸಿ ಆಯಿತು, ಬೇರೆಯವರು ಮಾಡಿದರು. ಬಲಗೈ, ಎಡಗೈ ಬೇರೆ ಬೇರೆ. ಗುಂಡಿಗೆ ಮಾತ್ರ ಗಡಿಯಾರ ಇಟ್ಟೆ. ಗಂಡನ ಅಂಗಿಯ ಐದು ಗುಂಡಿ ಹಾಕಲು ಎಷ್ಟು ನಿಮಿಷ ಅಂತ. ಶುರುವಿನಲ್ಲಿ ಮಧ್ಯಾಹ್ನ ಮೂರು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತಿತ್ತು. ಮಗಳು 40 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಲಾಡಿ ಒಂದು ಸಲವೂ ಆಗಲಿಲ್ಲ. ಜಡೆ ಒಂದು ಸಲವೂ ಇಲ್ಲ.

ಎಳ್ಳ ಅಮಾವಾಸ್ಯೆಯ ಪುಟ ಈಗಲೂ ತೆಗೆದು ನೋಡುತ್ತೇನೆ. ಆ ದಿನ ಪಟ್ಟಿಯ ಕೆಳಗೆ ಒಂದು ಸಾಲು ಜಾಸ್ತಿ ಬರೆದಿದ್ದೇನೆ. "ಸಜ್ಜೆ ರೊಟ್ಟಿ ನೆಗೆಣ್ಣಿ ಬಡಿದಳು. ನಾನು ಚರಗ ಚೆಲ್ಲಲು ಮಾತ್ರ ಹೋದೆ." ಅಷ್ಟು ವರ್ಷ ಆ ಮನೆಯ ಹಬ್ಬದ ರೊಟ್ಟಿ ನನ್ನ ಕೈಯದೇ ಆಗಿತ್ತು. ಅದನ್ನು ಅಳಿಸಬೇಕು ಅನಿಸಿತ್ತು, ಬಿಟ್ಟೆ. ಬೋರ್ಡಿನ ದಿನ ಒಬ್ಬ ಡಾಕ್ಟರಮ್ಮ ಸರಿಯಾಗಿ ಅದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು.

ಡೈರಿ ಇಟ್ಟ ಮೇಲೆ ನನಗೆ ಬೇರೆ ಬೇರೆ ಆಸೆ ಹುಟ್ಟಿದವು. ಅಮಾವಾಸ್ಯೆಗೆ ಕೀಲುಬೇನೆ ಏರುತ್ತದೆ ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬಿದ್ದೆ. ನಡುವಿನ ಏಕಾದಶಿಗಳಂದೂ ಗುಂಡಿ ಹಾಕಿ ಬರೆದೆ, ಆರು ತಿಂಗಳು. ಫರಕೇ ಇಲ್ಲ. ಫರಕು ಕಂಡದ್ದು ಎರಡೇ ಕಡೆ. ಡಿಸೆಂಬರ್, ಜನವರಿಯ ಚಳಿಯ ಬೆಳಗ್ಗೆಗಳಲ್ಲಿ, ಮತ್ತು ಒಂದು ವಾರ ಗುಳಿಗೆ ಮರೆತಾಗ. ನನ್ನ ಕೈ ಒಂದರ ಲೆಕ್ಕ ಇದು, ನಿಮ್ಮದು ನೀವು ನೋಡಿಕೊಳ್ಳಿ. ಆದರೆ ಅಮಾವಾಸ್ಯೆ ಅಂತ ಹೆದರಿ ಕೆಲಸ ಬಿಡುವುದನ್ನು ನಾನು ಬಿಟ್ಟೆ.

ಅಕ್ಕನ ಮಗ ಗಡಿಯಾರದಂಥ ಮುಳ್ಳಿರುವ ಬಿಪಿ ಮಷಿನ್ ತಂದು ಇನ್ನೊಂದು ಮಾಡಿಸಿದ. ಅದರ ಪಟ್ಟಿ ಸುರುಳಿ ಸುತ್ತಿ, 20ರ ತನಕ ಗಾಳಿ ತುಂಬಿ, ಹಿಂಡಬೇಕು. ಮುಳ್ಳು ಎಲ್ಲಿ ತನಕ ಏರುತ್ತದೆ ನೋಡಬೇಕು. ನನ್ನ ಬಲಗೈಗೆ 65 ದಾಟಲಿಲ್ಲ, ಎಡಗೈ 80ರ ಆಸುಪಾಸು. ತಂಗಿ ಹಿಂಡಿದರೆ 200ರ ಮೇಲೆ ಹೋಯಿತು. ಇದನ್ನೂ ಫೈಲಿಗೆ ಹಾಕಿದೆ. ಬೋರ್ಡಿನವರು ಅದನ್ನು ನೋಡಲಿಲ್ಲ, ತಮ್ಮ ಕೈಬೆರಳು ಕೊಟ್ಟು ಹಿಂಡಿಸಿದರು. ಹಾಗಾಗಿ ನೀವು ಬಿಪಿ ಮಷಿನ್‌ಗೆ ದುಡ್ಡು ಹಾಕಬೇಡಿ. ಪೂರಿ ಪ್ರೆಸ್ ತಂದು ರೊಟ್ಟಿ ಒತ್ತಿ ನೋಡಿದ್ದೂ ಇದೇ ಕಾಲದಲ್ಲಿ, 450 ರೂಪಾಯಿ. ಜೋಳದ ಹಿಟ್ಟು ಅಂಚಿನಲ್ಲಿ ಒಡೆಯುತ್ತದೆ, ಹಂಚಿಗೆ ಹಾಕುವಾಗ ಎರಡು ತುಂಡು. ಎಸರು ಜಾಸ್ತಿ ಕುದಿಸಿ ಹಿಟ್ಟು ಕಲಸಿದರೆ ಸ್ವಲ್ಪ ತಡೆಯಿತು. ಆದರೆ ಅದು ಮನೆಗೆ ಸರಿ, ಮಾರಲು ಬರುವುದಿಲ್ಲ.

ಫೈಲಿಗೆ ಬರುತ್ತೇನೆ. "ಚಿಕಿತ್ಸೆ ನಡೆದಿದೆ" ಅನ್ನುವ ಮಾತಿಗೆ ಉತ್ತರ ಬೇಕಿತ್ತು. ಹೈದರಾಬಾದಿನ ನನ್ನ ಡಾಕ್ಟರಿಗೆ ನಾಲ್ಕು ಸಾಲು ಬರೆದುಕೊಡಿ ಅಂತ ಕೇಳಿದೆ. ಔಷಧ ಮುಂದೆ ಹಾನಿ ಆಗದಂತೆ ತಡೆಯುತ್ತಿದೆ, ಈಗಾಗಲೇ ಆದ ಹಾನಿ ಔಷಧದಿಂದ ಮರಳಿ ಸರಿಯಾಗುವುದಿಲ್ಲ, ಯಾವ ಯಾವ ಕೀಲು, ಎಷ್ಟು ವರ್ಷದಿಂದ. ಇಷ್ಟೇ. ಅವರ ಫೀಸು 700, ರೈಲು ಬೇರೆ. ನನ್ನ ಮಟ್ಟಿಗೆ ಇಡೀ ಫೈಲಿನಲ್ಲಿ ಬೆಲೆ ಬಂದ ಹಾಳೆ ಅದೇ. ಅದರ ಜೊತೆ ಮೂರು ಎಕ್ಸ್‌ರೇ: 2014ರದ್ದು, 2019ರದ್ದು, 2023ರದ್ದು, ಪ್ರತಿಯೊಂದರಲ್ಲೂ ಎರಡೂ ಕೈ ಒಂದೇ ಫಿಲ್ಮಿನಲ್ಲಿ. 2014ರದ್ದು ಅಟ್ಟದ ಮೇಲೆ ಗೋಧಿ ಡಬ್ಬಿಯ ಹಿಂದೆ ಸಿಕ್ಕಿತು. ಹಳೆಯ ಎಕ್ಸ್‌ರೇ ಬಿಸಾಡಬೇಡಿ. ರಕ್ತದ ರಿಪೋರ್ಟುಗಳನ್ನು ನಾನು ಕಟ್ಟು ಕಟ್ಟಿ ಒಯ್ದಿದ್ದೆ, ಒಂದನ್ನೂ ತೆರೆಯಲಿಲ್ಲ.

ಇವನ್ನು ಇಟ್ಟುಕೊಂಡು ಮರು ತಪಾಸಣೆಗೆ ಒಂದು ಅರ್ಜಿ ಬರೆದೆ. ಕಾಯ್ದೆಯ 59ನೇ ಕಲಂನಲ್ಲಿ ಪ್ರಮಾಣಪತ್ರದ ವಿರುದ್ಧ ಮೇಲ್ಮನವಿಗೆ ಅವಕಾಶ ಇದೆ, ಆ ಮಾತನ್ನು ಅರ್ಜಿಯಲ್ಲಿ ಹಾಕಿದೆ. ಎಡಗೈ ತಪಾಸಣೆ ಆಗಿಲ್ಲ ಅಂತಲೂ ಬರೆದೆ, ಸಿಟ್ಟಿನ ಮಾತು ಒಂದೂ ಇಲ್ಲದೆ. ಮೊದಲ ಸಾಲು ಏನು ಬರೆದೆ ಅನ್ನುವುದನ್ನು ನಾನು ಇಲ್ಲಿ ಹಾಕುವುದಿಲ್ಲ. ಅದನ್ನು ಕೂತು ಯೋಚಿಸಲು ನನಗೆ ಒಂದು ತಿಂಗಳು ಹಿಡಿದಿದೆ, ಎಲ್ಲರೂ ಅದನ್ನೇ ನಕಲು ಮಾಡಿದರೆ ಅದರ ತೂಕ ಹೋಗುತ್ತದೆ. ಕೈ ಎಷ್ಟೇ ನಡುಗಿದರೂ ಅರ್ಜಿಯನ್ನು ನಿಮ್ಮ ಕೈಯಲ್ಲೇ ಬರೆಯಿರಿ ಅಂತ ಮಾತ್ರ ಹೇಳುತ್ತೇನೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

2023ರ ನವೆಂಬರ್ ಕೊನೆಗೆ ದಿನ ಕೊಟ್ಟರು. ಮತ್ತೆ ಮಧ್ಯಾಹ್ನ, 12 ದಾಟಿತ್ತು. ಈ ಸಲ ನನಗೆ ಹೆದರಿಕೆ ಇರಲಿಲ್ಲ. ಗುಳಿಗೆ ತಗೊಂಡಿದ್ದೆ, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಬಂದಿದ್ದೆ. ಚೀಲದಲ್ಲಿ ಗಂಡನ ಅಂಗಿ, ಲಾಡಿ ಇರುವ ಲಂಗ, ಸ್ಟೀಲಿನ ಲೋಟ, ಬಾಚಣಿಗೆ. "ಸರ್, ನಂದು ಇವತ್ತು ಛಲೋ ದಿನ ಅದರಿ. ಕೈ ಬಿಟ್ಟಾವ. ಆದ್ರೂ ಏನೇನು ಆಗಂಗಿಲ್ಲ ಅಂತ ಮಾಡಿ ತೋರಸ್ಲೇನ್ರಿ?" ಅಂದೆ. ಅವರು ತಲೆ ಎತ್ತಿ ನೋಡಿದರು. ಸಾಲಿನಲ್ಲಿ ಅಷ್ಟು ಜನ ಇದ್ದರೂ ನನಗೆ ಹತ್ತು ಹನ್ನೆರಡು ನಿಮಿಷ ಕೊಟ್ಟರು. ಲಾಡಿ ಕಟ್ಟಲು ಹೋದೆ, ಬೆರಳು ಜಾರಿತು. ಲೋಟ ಎರಡೂ ಕೈಯಲ್ಲಿ ಎತ್ತಿದೆ, ಒಂದೇ ಕೈಯಲ್ಲಿ ಎತ್ತಿ ಅಂದರು, ಆಗಲಿಲ್ಲ. ಮೂಗು ಮುಟ್ಟುವುದು, ಅಂಗಿ ತೊಡುವುದು ಆಯಿತು, ಆಗುತ್ತದೆ ಅಂತಲೇ ಹೇಳಿದೆ. ಆಗುವುದನ್ನು ಆಗುತ್ತದೆ ಅಂತ ಒಪ್ಪಿಕೊಂಡದ್ದರಿಂದಲೇ ಉಳಿದದ್ದನ್ನು ನಂಬಿದರು ಅಂತ ನನ್ನ ಲೆಕ್ಕ. ಆಮೇಲೆ ಅವರೇ ಅಂದರು, "ಎಡಗೈ ತೋರಸ್ರಿ."

46 ಬಂತು. ಐದು ವರ್ಷಕ್ಕೆ, ಆಮೇಲೆ ಮತ್ತೆ ತಪಾಸಣೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಹೊಸ ಮಾರ್ಗಸೂಚಿ ಹೊರಡಿಸಿದೆ. ಈಗ ಹೋಗುವವರು ಹಳೆಯ ಹಾಳೆ ಬಿಟ್ಟು ಅದನ್ನು ಪ್ರಿಂಟ್ ಹಾಕಿಸಿಕೊಳ್ಳಿ.

ಕಾರ್ಡ್ ಬಂದರೆ ಪಗಾರ ಬಂತು ಅಂದುಕೊಂಡಿದ್ದೆ. ಅದು ಬೇರೆಯೇ ದಾರಿ. ನಾಡಕಚೇರಿಗೆ ಅರ್ಜಿ, ಆದಾಯ ಪ್ರಮಾಣಪತ್ರ, ಪರಿಶೀಲನೆ, ಮಂಜೂರಾತಿ. ಕುಟುಂಬದ ಆದಾಯ ವರ್ಷಕ್ಕೆ 32,000 ದಾಟಬಾರದು. ನನ್ನ ಆದಾಯ ಪತ್ರ ಮೊದಲು 40,000ದ ಮೇಲೆ ಬಂತು. ಯಾಕೆ ಅಂತ ನೋಡಿದರೆ ಐದಾರು ವರ್ಷದ ಹಿಂದೆ ನಿಂತ ರೊಟ್ಟಿ ವ್ಯಾಪಾರವನ್ನೂ ಸೇರಿಸಿದ್ದರು. ಅರ್ಜಿ ತುಂಬಿದ ಹುಡುಗ "ಏನು ಕೆಲಸ" ಅಂತ ಕೇಳಿದಾಗ ನಾನೇ ಅಭಿಮಾನದಿಂದ ರೊಟ್ಟಿ ವ್ಯಾಪಾರ ಅಂದಿದ್ದೆ. ಗಂಡನದು ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ, ತೊಗರಿ ಬರುವ ಮೂರು ನಾಲ್ಕು ತಿಂಗಳು ಬಿಟ್ಟರೆ ಕೈಯಲ್ಲಿ ಕೆಲಸ ನಿಲ್ಲುವುದಿಲ್ಲ. ಖಾನಾವಳಿ ಮಾಲೀಕರಿಂದ, ಓಣಿಯ ಇಬ್ಬರಿಂದ ವ್ಯಾಪಾರ ನಿಂತಿದೆ ಅಂತ ಬರೆಸಿ ಮತ್ತೆ ಅರ್ಜಿ ಹಾಕಿದೆ. ಆಮೇಲೆ ಸರಿ ಬಂತು. ಅಷ್ಟರಲ್ಲಿ ಲೋಕಸಭಾ ಚುನಾವಣೆ, ನಮ್ಮ ಕಡೆ ಮತದಾನ 2024ರ ಮೇ 7ಕ್ಕೆ. ಜೂನ್ ಮುಗಿಯುವ ತನಕ ಏನೂ ಆಗಲಿಲ್ಲ.

ಮಂಜೂರಾದ ಮೇಲೂ ಮೂರು ತಿಂಗಳು ದುಡ್ಡು ಕಾಣಲಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗೆಲ್ಲ ಖಾಲಿ. ವಿಷಯ ಏನೆಂದರೆ ದುಡ್ಡು ಆಧಾರ್ ಜೋಡಣೆ ಆದ ಖಾತೆಗೆ ಹೋಗುತ್ತದೆ, ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಅಲ್ಲ. ಎಷ್ಟೋ ವರ್ಷದ ಹಿಂದೆ ಸಂಘದ ಸಾಲಕ್ಕೆ ಅಂತ ತೆರೆದ ಒಂದು ಖಾತೆಗೆ ನನ್ನ ಆಧಾರ್ ಜೋಡಣೆ ಆಗಿತ್ತು. ಅಲ್ಲಿ 2,400 ಸುಮ್ನೆ ಕೂತಿತ್ತು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಮೊದಲೇ ನೋಡಿಕೊಳ್ಳಿ.

ತಿಂಗಳಿಗೆ 800. ಅಂಗವೈಕಲ್ಯ 75 ಇಲ್ಲವೇ ಅದಕ್ಕಿಂತ ಹೆಚ್ಚು ಇದ್ದವರಿಗೆ 1,400. ನನ್ನ ಒಟ್ಟು ಖರ್ಚು ಹಾಕಿದರೆ, ಗುಳಿಗೆ ಬಿಟ್ಟ ಆ 9,000 ಸೇರಿ, 17,000 ಹತ್ತಿರ ಆಗಿದೆ. ಅದನ್ನು ಬಿಟ್ಟರೆ 8,000. ಏಜೆಂಟ್ ಕೇಳಿದ್ದೂ ಅಷ್ಟೇ, ಆದರೆ ನನ್ನ ಕಾರ್ಡ್ ಯಾವ ಡಾಕ್ಟರು ಮತ್ತೆ ನೋಡಿದರೂ ನಿಲ್ಲುತ್ತದೆ. 800ರಲ್ಲಿ ನನ್ನ ತಿಂಗಳ ಗುಳಿಗೆ ಬರುತ್ತದೆ, ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಸ್ವಲ್ಪ ಕೈಯಿಂದ ಹಾಕಬೇಕು. ಗುಳಿಗೆಗೆ ಗಂಡನ ಮುಂದೆ ಕೈ ಚಾಚುವುದು ತಪ್ಪಿತು. ಹತ್ತು ವರ್ಷದಲ್ಲಿ ಮೊದಲ ಸಲ.

ಬಸ್ ಪಾಸು ನಾನು ಮಾಡಿಸಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ಗಂಡಸರು ಮಾಡಿಸಿಕೊಳ್ಳಿ. ನನಗೆ ತಿಳಿದಂತೆ ವರ್ಷಕ್ಕೆ 660, ವಾಸದ ಊರಿಂದ 100 ಕಿಲೋಮೀಟರ್ ತನಕ. ರೈಲಿನ ರಿಯಾಯಿತಿಗೆ ಬೇರೆ ನಮೂನೆಯ ಪ್ರಮಾಣಪತ್ರ, ಅದು ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದವರಿಗೆ. ನನ್ನ ಕಾಲು ನಡೆಯುತ್ತವೆ, ನಾನು ಕೇಳಲಿಲ್ಲ.

ಈಗ ಓಣಿಯಲ್ಲಿ ಮೂರು ಜನ ನನ್ನ ರೀತಿ ಡೈರಿ ಇಟ್ಟಿದ್ದಾರೆ. ಇಬ್ಬರಿಗೆ ಕೀಲುವಾತ. ಅದರಲ್ಲಿ ಒಬ್ಬಳಿಗೆ ಹೋದ ತಿಂಗಳು 42 ಬಂತು, ಪೇಡೆ ತಂದು ಕೊಟ್ಟಳು. ಇನ್ನೊಬ್ಬರು ಪಾರ್ಕಿನ್ಸನ್ ಆದ ಕಾಕಾ. ಅದು ಕಾಯ್ದೆಯ 21 ಅಂಗವೈಕಲ್ಯದ ಪಟ್ಟಿಯಲ್ಲೇ ಇದೆ, ಆದರೆ ಅವರ ಲೆಕ್ಕವೇ ಬೇರೆ. ಗುಳಿಗೆ ತಗೊಂಡ ಒಂದು ತಾಸಿಗೆ ಚೆನ್ನಾಗಿರುತ್ತಾರೆ, ಆಮೇಲೆ ಮತ್ತೆ ಬಿಗಿ. ಅವರಿಗೆ ಗುಂಡಿಯ ಬದಲು ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗಿ ಬರುವುದಕ್ಕೆ ಗಡಿಯಾರ ಇಡಿಸಿದ್ದೇನೆ, ಗುಳಿಗೆಯ ಹೊತ್ತನ್ನೂ ಪಕ್ಕದಲ್ಲಿ ಬರೆಸುತ್ತೇನೆ. ಭಾವನವರೇ ಅವರ ಮನೆಗೆ ಹೋಗಿ ಬರೆದುಕೊಡುತ್ತಾರೆ.

ನನ್ನ ಮರು ತಪಾಸಣೆ 2028ರ ಕೊನೆಗೆ. ಡೈರಿ ನಿಲ್ಲಿಸಿಲ್ಲ. ನಿನ್ನೆ ಹುಣ್ಣಿಮೆ ಇತ್ತು. ಮಧ್ಯಾಹ್ನ 12ಕ್ಕೆ ಐದು ಗುಂಡಿಗೆ 4 ನಿಮಿಷ 10 ಸೆಕೆಂಡ್. ಲಾಡಿ ಇಲ್ಲ. ಲೋಟ ಎಡಗೈಯಲ್ಲಿ ಒಂದು ಸಲ ಆಯಿತು, ಎರಡನೇ ಸಲ ಮಗಳು ಹಿಡಿದಳು.